ಕೊನೆಗೆ ಬರುವ ಮನುಷ್ಯ

ತಪ್ಪು ನನ್ನದೇ. ಸೌದಿಯ ಖಫ್ಜಿಯಲ್ಲಿ ಕೊರಿಯನ್ ಭಾಷೆ ಬರುತ್ತದೆಂದು ಸುಳ್ಳು ಹೇಳಿ ಒಬ್ಬ ಕೊರಿಯನ್ ಫೋರ್‌ಮನ್‌ಗೆ ದುಭಾಷಿಯಾದೆ. ಮೊದಲ ದಿನವೇ ತಿಳಿದರೂ ಅವರು ಬಯ್ಯಲಿಲ್ಲ, ಪಿಕಪ್‌ನಲ್ಲಿ ಕೂರಿಸಿ ಕಲಿಸಿದರು. ನಮ್ಮ ಕನ್ನಡದಂತೆಯೇ ಅವರ ಮಾತಿನಲ್ಲೂ ‘ನಿನ್ನೆ ಬಂದ’ ಮೊದಲು, ‘ಮನುಷ್ಯ’ ಎಂಬ ಪದ ಕೊನೆಗೆ. ಅಲ್ಲಿಯವರೆಗೆ ಮುಷ್ಟಿ ಬಿಗಿಹಿಡಿದು, “ಸಬರ್, ತಾಳು” ಎನ್ನುತ್ತಿದ್ದರು. ‘ಮನುಷ್ಯ’ ಬಂದೊಡನೆ ಬೆರಳು ಬಿಚ್ಚುತ್ತಿದ್ದರು.

ಒಂದು ದಿನ ಮಂಗಳೂರಿನ ಮ್ಯಾನೇಜರ್ ಬಂದರು. ಫೋರ್‌ಮನ್ ನನ್ನತ್ತ ತಿರುಗಿ ಕೊರಿಯನ್ನಿನಲ್ಲಿ ಶುರುಮಾಡಿದರು. ನಾನು ಪದಪದವಾಗಿ ಕನ್ನಡಕ್ಕೆ ತಂದೆ: “ಭಾಷೆ ಬರುತ್ತದೆಂದು ಸುಳ್ಳು ಹೇಳಿದ...”

ಕೆಲಸ ಹೋಯಿತೆಂದುಕೊಂಡೆ. ಅವರ ಮುಷ್ಟಿ ಇನ್ನೂ ಬಿಗಿಯಾಗಿತ್ತು. “ಸಬರ್!” ಎಂದರು.

“...ಈಗ ನನಗಿಂತ ಹೆಚ್ಚು ಮಾತಾಡುವ...” ಬೆರಳು ಬಿಚ್ಚಿತು. “...ನನ್ನ ಗೆಳೆಯ!”

ಮ್ಯಾನೇಜರ್ ನಗು ತಡೆಯಲಾರದೆ ನನ್ನ ಬೆನ್ನಿಗೆ ಗುದ್ದಿದರು. “ಎಂತ ಮಾರಾಯ, ಗೆಳೆಯ ಬರುವಷ್ಟರಲ್ಲಿ ನಾನು ನಿನ್ನನ್ನು ಊರಿಗೆ ಕಳಿಸಿ ಆಗಿತ್ತು!”