ಪಾಳಿ ಅಂದೆ, ಸರಿದೆ

ಕಳೆದ ರವಿವಾರ ಸಂಜೆ, ಎಲ್ಲರೂ ನೋಡುತ್ತಿದ್ದಂತೆ, ನಾನು ಒಂದು ಟೆನ್ನಿಸ್ ಚೆಂಡಿಗೆ ದಾರಿ ಬಿಟ್ಟುಕೊಟ್ಟೆ.

ಹೌದ್ರೀ, ದಾರಿ ಬಿಟ್ಟುಕೊಟ್ಟೆ. ಚೆಂಡು ನನ್ನ ಕಡೆಗೇ ಬರುತ್ತಿತ್ತು. ಅವಸರವಿಲ್ಲದೆ, ಮಾವನ ಮನೆಗೆ ಬರುವ ಅಳಿಯನ ಹಾಗೆ. ಹೊಡೆದರೆ ಮ್ಯಾಚು ನಮ್ಮದು. ನಾನೋ, ಬಾಗಿಲಲ್ಲಿ ಹಿರಿಯರು ಎದುರಾದರೇನೋ ಎಂಬಂತೆ ಬೆನ್ನು ತುಸು ಬಗ್ಗಿಸಿ ಪಕ್ಕಕ್ಕೆ ಸರಿದು ನಿಂತೆ. ಸರಿದದ್ದು ಸಾಲದೆಂದು “ಪಾಳಿ!” ಎಂದು ಕೂಗಿದೆ ಬೇರೆ.

ಇವತ್ತು ಬುಧವಾರ. ಇನ್ನೂ ನನ್ನನ್ನೇ ಕೇಳಿಕೊಳ್ಳುತ್ತಿದ್ದೇನೆ. ನನಗೆ ಹುಚ್ಚು ಹಿಡಿದಿತ್ತೆ? ಇಲ್ಲ. ಕುಡಿದಿದ್ದೆನೆ? (ನಮ್ಮ ಹೆಡ್‌ಮಾಸ್ತರರೂ ಈ ಅಂಕಣ ಓದುತ್ತಾರೆ. ಖಂಡಿತ ಇಲ್ಲ.) ಹಾಗಾದರೆ ಆದದ್ದೇನು? ಮೊದಲಿನಿಂದ ಹೇಳುತ್ತೇನೆ.

ಧಾರವಾಡದ ಮಳೆ ನಿಮಗೆ ಗೊತ್ತೇ ಇದೆ. ಒಮ್ಮೆ ಜಿಟಿಜಿಟಿ ಹಿಡಿಯಿತೆಂದರೆ ದಸರೆಯವರೆಗೂ ನಮ್ಮ ಕ್ಲಬ್ಬಿನ ಟೆನ್ನಿಸ್ ಕೋರ್ಟು ಎಮ್ಮೆಗಳ ಪಾಲು. ಈ ಸಲ ವಿಲಾಯಿತಿಗೆ ಹೊರಟ ಸಾಹೇಬರೊಬ್ಬರು ತಮ್ಮ ಪಿಂಗ್‌ಪಾಂಗ್ ಮೇಜನ್ನು ಕ್ಲಬ್ಬಿನ ವರಾಂಡದಲ್ಲಿ ಬಿಟ್ಟುಹೋದರು. ಟೇಬಲ್ ಟೆನ್ನಿಸ್ ಅಂತಲೂ ಅನ್ನುತ್ತಾರಲ್ಲ, ಅದೇ. ಹೆಸರಿನಲ್ಲೇ ಟೆನ್ನಿಸ್ ಇದೆ, ಮಳೆಗಾಲವೆಲ್ಲ ಇದನ್ನೇ ಆಡಿದರೆ ಕೈ ಪಳಗಿದ್ದೀತು ಎಂದುಕೊಂಡೆ. ಎಂಥ ಶತಮೂರ್ಖ ನಾನು!

ಆಟ ಕಲಿಸಿದವರು ಇಮಾಮಸಾಬರು. ನಮ್ಮ ಕ್ಲಬ್ಬಿನ ಮಾರ್ಕರ್. ಮಾರ್ಕರ್ ಎಂದರೆ, ಸದಸ್ಯರಿಗೆ ಜೊತೆ ಸಿಗದ ದಿನ ಎದುರು ನಿಂತು ಆಡಿಸುವ ಸಂಬಳದ ಮನುಷ್ಯ. ಹಗಲು ತಮ್ಮ ಅಂಗಡಿಯಲ್ಲಿ ಸೈಕಲ್ ರಿಪೇರಿ, ರ‍್ಯಾಕೆಟ್ಟಿನ ಬಲೆ ಬಿಗಿಯುವ ಕೆಲಸ. ಸಂಜೆ ಕ್ಲಬ್ಬು. ನಮ್ಮಲ್ಲಿ ಮುಕ್ಕಾಲು ಮಂದಿಗೆ ರ‍್ಯಾಕೆಟ್ ಹಿಡಿಯಲು ಹೇಳಿಕೊಟ್ಟವರೇ ಅವರು. ಆದರೆ ಆಟ ಮುಗಿದ ಮೇಲೆ ನಾವು ಬೆತ್ತದ ಕುರ್ಚಿಯಲ್ಲಿ ಕುಳಿತು ಚಹಾ ಕುಡಿಯುತ್ತೇವೆ, ಅವರು ಮೆಟ್ಟಿಲ ಮೇಲೆ ಕುಳಿತು ಕುಡಿಯುತ್ತಾರೆ. ಕುರ್ಚಿ ಸದಸ್ಯರಿಗೆ ಮಾತ್ರ. ರೂಲು.

ಪಿಂಗ್‌ಪಾಂಗನ್ನು ಇಬ್ಬಿಬ್ಬರು ಜೋಡಿಯಾಗಿ ಆಡುವಾಗ ಒಂದು ಕಾಯ್ದೆ ಇದೆ. ಒಂದು ಚೆಂಡು ನಾನು ಹೊಡೆದರೆ ಮುಂದಿನದು ನನ್ನ ಜೋಡಿದಾರರೇ ಹೊಡೆಯಬೇಕು. ಪಾಳಿಯ ಪ್ರಕಾರ. ಚೆಂಡು ನನ್ನ ಮೂಗಿಗೇ ಬಂದರೂ ಮುಟ್ಟುವಂತಿಲ್ಲ, ಸರಿದು ಜಾಗ ಬಿಡಬೇಕು. ಟೆನ್ನಿಸಿನಲ್ಲಿ ಹೀಗಿಲ್ಲ, ಚೆಂಡು ಯಾರ ಬಳಿ ಬಂತೋ ಅವರೇ ಹೊಡೆಯುವುದು. ನನ್ನ ದೇಹವೋ ಬೇಗ ಸರಿಯುವಂಥದ್ದಲ್ಲ. ಮೊದಲ ವಾರ ಇಮಾಮಸಾಬರಿಗೆ ಡಿಕ್ಕಿ ಹೊಡೆದದ್ದೇ ಹೊಡೆದದ್ದು.

“ಮಾಸ್ತರ್ರೀ, ಹಿಂಗಾದ್ರ ದಸರಾ ನೋಡಾಕ ನಾ ಇರೂದಿಲ್ರಿ,” ಎಂದರು ಅವರು, ಪಕ್ಕೆ ಹಿಡಿದುಕೊಂಡು. “ಒಂದ್ ಕೆಲಸ ಮಾಡ್ರಿ. ಹೊಡದ ಕೂಡ್ಲೇ ಬಾಯಿಲೆ ಪಾಳಿ ಅನ್ರಿ. ಅಂದು ಸರೀರಿ. ಬಾಯಿ ಅಂದ್ರ ಕಾಲು ಕೇಳ್ತಾವು.”

ಕೇಳಿದವು. ಮಳೆಗಾಲವಿಡೀ ಪಾಳಿ ಅಂದೆ, ಸರಿದೆ. ಪಾಳಿ ಅಂದೆ, ಸರಿದೆ. ಇಬ್ಬರೂ ಸೇರಿ ಕ್ಲಬ್ಬಿನಲ್ಲಿ ಯಾರನ್ನೂ ಗೆಲ್ಲಗೊಡಲಿಲ್ಲ. ನನ್ನ ಮಣಿಕಟ್ಟಂತೂ ಗಾಳಿಪಟದ ಬಾಲದಷ್ಟು ಸಡಿಲವಾಗಿ, ಮನೆಯಲ್ಲಿ ಬೀಸಣಿಕೆ ಹಿಡಿದರೂ ಪಟ್ಟೆಂದು ತಿರುಗುತ್ತಿತ್ತು.

ಅಷ್ಟರಲ್ಲಿ ಹುಬ್ಬಳ್ಳಿಯವರೊಂದಿಗಿನ ವರ್ಷದ ಡಬಲ್ಸ್ ಮ್ಯಾಚು ಹತ್ತಿರ ಬಂತು. ನನ್ನ ಹಳೆಯ ಜೋಡಿದಾರ ಡಾಕ್ಟರರಿಗೆ ಬೆಳಗಾವಿಗೆ ವರ್ಗವಾಗಿತ್ತು. ಇಮಾಮಸಾಬರನ್ನು ಆಡಿಸೋಣ, ಆಡಿಸುವುದಾದರೆ ಸದಸ್ಯರನ್ನಾಗಿ ಮಾಡಿಯೇ ಆಡಿಸೋಣ ಎಂದೆ. ಕ್ಲಬ್ಬಿನ ಸೆಕ್ರೆಟರಿ (ಹೆಸರು ಹೇಳುವುದಿಲ್ಲ, ವಕೀಲರು) ಅಡಿಕೆ ಜಗಿಯುತ್ತ ಯೋಚಿಸಿದರು.

“ಮೊದಲ ಗೆದ್ದು ಬರ್ರಿ. ಗೆದ್ರ ಮೆಂಬರ್ ಮಾಡೋಣು. ಸೋತ್ರ ಈ ಮಾತು ಮತ್ತ ಎತ್ತಬಾರದು ನೋಡ್ರಿ.”

ಇಮಾಮಸಾಬರಿಗೆ ಹೇಳಿದೆ. ಕೈಯಲ್ಲಿದ್ದ ಚೆಂಡನ್ನು ಪಾಯಜಾಮಕ್ಕೆ ಒರೆಸಿದರು. ಆಮೇಲೆ ನಕ್ಕರು. “ನನಗ ಬ್ಯಾರೆ ಏನೂ ಬ್ಯಾಡ್ರಿ. ಆಡಿ ಬಂದ ಮ್ಯಾಲೆ ಒಂದ್ ಸಲ ಆ ಕುರ್ಚ್ಯಾಗ ಕುಂತು ಚಾ ಕುಡೀಬೇಕು. ಮೆಟ್ಲ ಮ್ಯಾಲಿಂದ ಏಳೂ ಮುಂದ ಮೊಣಕಾಲು ಭಾಳ ನೋಯ್ತಾವ್ರಿ.”

ಕೋರ್ಟು ಒಣಗಿತು. ಮೊದಲ ದಿನ ಮೊದಲ ಚೆಂಡು ಹೊಡೆದೆ ನೋಡಿ, ಅದು ಬಲೆಯ ಬುಡಕ್ಕೆ ಹೋಗಿ ಬಿತ್ತು. ಎರಡನೆಯದು ಬೇವಿನ ಮರ ದಾಟಿ ಯಾರದೋ ಹಿತ್ತಲು ಸೇರಿತು. ನಾನು ನನ್ನ ಕೈಯನ್ನೇ ನೋಡುತ್ತ ನಿಂತೆ. ಹದಿನೈದು ವರ್ಷ ಆಡಿದ ಕೈ! ಇದು ಯಾರ ಕೈ?

“ಮಣಿಕಟ್ಟು ಕೆಟ್ಟೈತ್ರಿ ಮಾಸ್ತರ್ರ,” ಎಂದರು ಇಮಾಮಸಾಬರು. “ಅಲ್ಲಿ ಮೇಜಿನ ಮ್ಯಾಲೆ ಚೆಂಡು ಊದಿದ್ರ ಹಾರತೈತಿ, ಮಣಿಕಟ್ಟು ತಿರುವಿದ್ರ ಸಾಕು. ಇಲ್ಲಿ ಭುಜದಿಂದ ಹೊಡೀಬೇಕು, ಮಣಿಕಟ್ಟು ಅಳ್ಳಾಡಬಾರದು. ನಿಮ್ಮ ಸಾಲ್ಯಾಗ ಕಟಗಿ ಪಟ್ಟಿ ಐತೇನ್ರಿ?”

ಇತ್ತು. ಮರುದಿನದಿಂದ ಮುಂಗೈಗೆ ಕಟ್ಟಿಗೆಯ ಪಟ್ಟಿ ಬಿಗಿದು, ಮೇಲೆ ಕರವಸ್ತ್ರ ಸುತ್ತಿ ಆಡಿಸಿದರು. ಮನೆಗೆ ಬಂದಾಗ ಹೆಂಡತಿ ಬಿದ್ದು ಬಿದ್ದು ನಕ್ಕಳು. “ಪಟ್ಟೀಲೆ ಹುಡುಗೂರ ಕೈಗೆ ಹೊಡೀತಿದ್ರಿ. ಈಗ ಅದ ನಿಮ್ಮ ಕೈಗೇ ಬಂದು ಕೂತದ ನೋಡ್ರಿ!” ನಗಲಿ. ಹತ್ತು ದಿನದಲ್ಲಿ ಮಣಿಕಟ್ಟು ಹತೋಟಿಗೆ ಬಂತು.

ಆದರೆ ನಾವು ಆಡಿದ್ದೆಲ್ಲ ಎದುರುಬದುರು, ಇಬ್ಬರೇ. ಪ್ರಾಕ್ಟೀಸಿಗೆ ಇನ್ನಿಬ್ಬರು ಬನ್ನಿ ಎಂದು ಎಲ್ಲರನ್ನೂ ಕರೆದೆ. (ಒಬ್ಬರಿಗೆ ಹಲ್ಲುನೋವು, ಒಬ್ಬರಿಗೆ ಕಕ್ಷಿದಾರರು. ಮಾರ್ಕರನ ಎದುರು ಮತ್ತೆ ಸೋಲಲು ಯಾರಿಗೂ ಪುರುಸೊತ್ತಿರಲಿಲ್ಲ.) ಒಂದೇ ಕಡೆಗೆ ಇಬ್ಬರೂ ನಿಂತು ಒಂದು ದಿನವೂ ಆಡಲಿಲ್ಲ. ಕೈಗೇನೋ ಪಟ್ಟಿ ಕಟ್ಟಿದೆವು. ಕಾಲಿಗೂ ಕಟ್ಟಬೇಕಿತ್ತೆಂದು ಯಾರಿಗೆ ಗೊತ್ತು?

ರವಿವಾರ ಬಂತು. ಹುಬ್ಬಳ್ಳಿಯವರು ರೈಲಿಳಿದು ಟಾಂಗಾದಲ್ಲಿ ಬಂದರು. ಇಮಾಮಸಾಬರು ಇಸ್ತ್ರಿ ಮಾಡಿದ ಬಿಳಿ ಪಾಯಜಾಮ ತೊಟ್ಟು ನನಗಿಂತ ಮೊದಲೇ ಬಂದು ನಿಂತಿದ್ದರು. ಒಂದು ಸೆಟ್ ಹುಬ್ಬಳ್ಳಿಯವರಿಗೆ, ಒಂದು ನಮಗೆ. ಏನು ಆಡಿದರು ಇಮಾಮಸಾಬರು! ಕುಂಟುತ್ತ ಹೋಗಿ ಮುಟ್ಟಲಾಗದ ಚೆಂಡುಗಳನ್ನು ಮುಟ್ಟಿದರು. ಮೂರನೆಯ ಸೆಟ್ಟಿನಲ್ಲಿ ಇನ್ನು ಒಂದೇ ಒಂದು ಪಾಯಿಂಟು ಬೇಕು. ಕುರ್ಚಿಯವರೆಲ್ಲ ತುದಿಗೆ ಸರಿದು ಕುಳಿತರು.

ನಾನೊಂದು ಛಲೋ ಹೊಡೆತ ಹೊಡೆದೆ. ಹುಬ್ಬಳ್ಳಿಯವರು ಹೇಗೋ ಎತ್ತಿ ವಾಪಸು ಕಳಿಸಿದರು. ಚೆಂಡು ಮತ್ತೆ ನನ್ನ ಕಡೆಗೇ ಬಂತು.

ಅಷ್ಟೇ. ಹೊಡೆದವನು ನಾನು, ಇನ್ನು ಪಾಳಿ ಇಮಾಮಸಾಬರದು. ಯೋಚಿಸಿದ್ದಲ್ಲ, ಕಾಲೇ ತೀರ್ಮಾನಿಸಿಬಿಟ್ಟಿತು. ಪಾಳಿ ಅಂದೆ, ಸರಿದೆ.

ಅದಕ್ಕಿಂತ ಘಾತವೆಂದರೆ, ಆ ಕೂಗು ಕೇಳಿ ಇಮಾಮಸಾಬರೂ ಓಡಿಬಂದರು! ಕೋರ್ಟಿನ ಆ ಬದಿಯಿಂದ ಈ ಬದಿಗೆ, ಆ ಮೊಣಕಾಲು ಎಳೆದುಕೊಂಡು. ತಲುಪಲಿಲ್ಲ. ಚೆಂಡು ನಮ್ಮಿಬ್ಬರ ನಡುವೆ ಎರಡು ಸಲ ಪುಟಿದು, ಉರುಳಿ, ಸೆಕ್ರೆಟರಿಯವರ ಕಾಲಬಳಿ ಹೋಗಿ ನಿಂತಿತು.

ಹುಬ್ಬಳ್ಳಿಯವರೊಬ್ಬರು ಹೊಟ್ಟೆ ಹಿಡಿದುಕೊಂಡರು. “ಅಬ್ಬಬ್ಬಾ! ಧಾರವಾಡದವ್ರು ಮರ್ಯಾದಸ್ಥರು ಅಂತ ಕೇಳಿದ್ವಿ. ಚೆಂಡಿಗೂ ‘ಬರ್ರಿ’ ಅಂತಾರಂತ ಗೊತ್ತಿದ್ದಿಲ್ಲ ಬಿಡ್ರಿ!”

ಆಮೇಲೆ ನಾನು ನಾನಾಗಿ ಉಳಿಯಲಿಲ್ಲ. ಬಂದ ಚೆಂಡನ್ನೆಲ್ಲ ಬಲೆಗೆ ಹೊಡೆದೆ. ಸೋತೆವು.

ನಿಜವಾದ ಆಘಾತ ಇನ್ನು ಮುಂದೆ ಇದೆ. “ಬರ್ರಿ ಮಾಸ್ತರ್ರ, ಭಾಳ ದಣದೀರಿ, ಕೂಡ್ರಿ,” ಎಂದು ಸೆಕ್ರೆಟರಿ ಕುರ್ಚಿ ಎಳೆದುಕೊಟ್ಟರು. ತಪ್ಪು ನನ್ನದು, ಇಮಾಮಸಾಬರದಲ್ಲ ಎಂದೆ. “ತಪ್ಪು ಯಾರದರ ಇರಲಿ, ಸೋತದ್ದು ಖರೇ ಹೌದಲ್ರಿ? ಮಾತು ಅಂದ್ರ ಮಾತು,” ಎಂದರು. ಚಹಾ ಬಂತು. ಇಮಾಮಸಾಬರು ಮೆಟ್ಟಿಲ ಮೇಲೆ ಕುಳಿತು, ಮೊಣಕಾಲು ಒತ್ತಿಕೊಳ್ಳುತ್ತ, ತಮ್ಮ ಚಹಾ ಕುಡಿದರು.

ನಾನು? ನಾನು ಕುಳಿತೆ. ಕುರ್ಚಿಯಲ್ಲೇ ಕುಳಿತು ಚಹಾ ಕುಡಿದೆ.

ನಿನ್ನೆ ಸಾಲೆ ಬಿಟ್ಟ ಮೇಲೆ ಅವರ ಅಂಗಡಿಗೆ ಹೋದೆ. ಬೈಸಿಕೊಳ್ಳಲೆಂದೇ ಹೋದೆ. ಅವರು ನನ್ನದೇ ರ‍್ಯಾಕೆಟ್ಟಿನ ಹರಿದ ಬಲೆಯನ್ನು ಬಿಗಿಯುತ್ತಿದ್ದರು.

“ನಿಮ್ಮ ತಪ್ಪಲ್ರಿ ಮಾಸ್ತರ್ರ. ಪಾಳಿ ಅನ್ನಾಕ ಕಲಿಸಿದಾಂವ ನಾನ. ನಾ ಕಲಿಸಿದ್ದು ಒಂದೂ ಮರೀಲಿಲ್ಲ ನೀವು,” ಎಂದು ನಕ್ಕರು. “ಮುಂದಿನ ವರ್ಷ ಈ ಮೊಣಕಾಲು ಇದ್ರ ಮತ್ತ ಆಡೋಣಂತ.”

ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಮನೆಗೆ ಬಂದು ಹೆಂಡತಿಯ ಮುಂದೆ ಎಲ್ಲ ಹೇಳಿಕೊಂಡೆ. ಪಿಂಗ್‌ಪಾಂಗ್ ಆಡಿದವನು ಟೆನ್ನಿಸಿಗೆ ಕೆಡುತ್ತಾನೆ, ಕೈ ಕೆಡುತ್ತದೆ, ಕಾಲು ಕೆಡುತ್ತದೆ, ಮೈ ತಾನು ಕಲಿತದ್ದನ್ನು ಹೊತ್ತುಗೊತ್ತಿಲ್ಲದೆ ಒಪ್ಪಿಸುತ್ತದೆ ಎಂದು ಅರ್ಧ ತಾಸು ಉಪನ್ಯಾಸ ಕೊಟ್ಟೆ. ಇದನ್ನೇ ಈ ವಾರ ಬರೆಯುತ್ತೇನೆ ಎಂದೂ ಹೇಳಿದೆ.

ಅವಳು ಈ ಸಲ ನಗಲಿಲ್ಲ. ಕೈಯಲ್ಲಿದ್ದ ಕೆಲಸ ನಿಲ್ಲಿಸಿ ನನ್ನನ್ನೇ ನೋಡಿ ಕೇಳಿದಳು:

“ಚೆಂಡಿನ ಮುಂದ ಪಾಳಿ ಅಂದು ಸರದ್ರಿ. ಕುರ್ಚಿ ಮುಂದ ಯಾಕ ಅನ್ಲಿಲ್ರಿ?”