ಸ್ಟುಡಿಯೋದವರ ಎರಡನೇ ಡಿಸ್ಕ್

ಮೊನ್ನೆ ನನ್ನ ಹಳೆಯ ಕಂಪ್ಯೂಟರಿಗೆ ಹೊಸ ಡ್ರೈವ್ ಹಾಕಲೆಂದು ಪಕ್ಕದ ಕವಚ ಬಿಚ್ಚಿದಾಗ ಕಾದ ಧೂಳಿನ ವಾಸನೆ ಮೂಗಿಗೆ ಬಡಿಯಿತು. ಅದರ ಹಿಂದೆಯೇ ಹೊಸದುರ್ಗದ ಆ ಫೋಟೋ ಸ್ಟುಡಿಯೋ, ಮೂಗಿನ ತುದಿಗೆ ಜಾರಿದ ಕನ್ನಡಕ, ತುಟಿಯಲ್ಲಿ ಕಚ್ಚಿಕೊಂಡ ಸ್ಕ್ರೂ...

ಎರಡು ಸಾವಿರದ ಇಸವಿ ಕಳೆದು ಕೆಲವು ವರ್ಷಗಳಾಗಿದ್ದವು. ನಾನು ಬಸ್ ನಿಲ್ದಾಣದ ಬಳಿ ಟೈಪಿಂಗ್, ಜೆರಾಕ್ಸ್ ಅಂಗಡಿಯಲ್ಲಿ ಕೆಲಸಕ್ಕಿದ್ದೆ. ಪಕ್ಕದ ಮಳಿಗೆಯೇ ಸ್ಟುಡಿಯೋ. ಅದರ ಮಾಲೀಕರನ್ನು ಎಲ್ಲರೂ ‘ಸ್ಟುಡಿಯೋದವರು’ ಎಂದೇ ಕರೆಯುತ್ತಿದ್ದರು. ಐವತ್ತರ ಆಸುಪಾಸು, ಒಂಟಿ ಜೀವ, ಯಾರನ್ನೂ ನಂಬದ ಮನುಷ್ಯ. ಕಂಪ್ಯೂಟರ್ ಜೋಡಿಸಲು ಚಿತ್ರದುರ್ಗದಿಂದ ಮೆಕ್ಯಾನಿಕ್ ಕರೆಸಿ ಎಂದರೆ ಒಪ್ಪಲಿಲ್ಲ. ಬೆಂಗಳೂರಿನಿಂದ ಭಾಗಗಳನ್ನು ತಾವೇ ತಂದು, ಮೇಜಿನ ಮೇಲೆ ಹರಡಿಕೊಂಡು ನನ್ನನ್ನು ಕೂಗಿದರು.

“ಒಂದೀಟು ಬಾಮ್ಮ. ಈ ಬ್ಯಾಟ್ರಿ ಹಿಡ್ಕ. ಒಳಗೆ ಏನೂ ಕಾಣ್ತಿಲ್ಲ.”

ನಾನು ಬೆಳಕು ಹಿಡಿದೆ. ಅವರು ಮೊದಲ ಹಾರ್ಡ್‌ಡಿಸ್ಕನ್ನು ಗೂಡಿಗೆ ಸರಿಸಿ ಎರಡೂ ಪಕ್ಕ ಸ್ಕ್ರೂ ಬಿಗಿದರು. ಎರಡನೆಯದನ್ನು ಕೂರಿಸುವ ಮುನ್ನ ಅದರ ಹಿಂಬದಿಯ ಪುಟ್ಟ ಟೋಪಿಯಂಥ ಜಂಪರನ್ನು ಚಿಮಟದಿಂದ ಕಿತ್ತು ಬೇರೆ ಕಡ್ಡಿಗಳಿಗೆ ಸಿಕ್ಕಿಸಿದರು. ಇಲ್ಲದಿದ್ದರೆ ಎರಡೂ ‘ನಾನೇ ಯಜಮಾನ’ ಎಂದು ಜಗಳಕ್ಕೆ ಬಿದ್ದು ಕಂಪ್ಯೂಟರ್ ಏಳುವುದೇ ಇಲ್ಲವಂತೆ. ಅಗಲವಾದ ಬೂದು ಕೇಬಲ್ಲಿನ ಕೆಂಪು ಅಂಚು ಯಾವ ಕಡೆಗಿದೆ ಎಂದು ನೋಡಿ ನೋಡಿ ಒತ್ತಿದರು. ಪರದೆಯ ಮೇಲೆ ಎರಡೂ ಡಿಸ್ಕುಗಳ ಹೆಸರು ಮೂಡಿದಾಗ ಅವರು ನಕ್ಕರು. ಅವರು ನಕ್ಕಿದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ.

ಮೊದಲನೆಯದರಲ್ಲಿ ವಿಂಡೋಸ್, ಎರಡನೆಯದರಲ್ಲಿ ಬರೀ ಫೋಟೋ. ವಿಚಿತ್ರವೆಂದರೆ ಪ್ರತಿ ಸಂಜೆ ಆ ಎರಡನೆಯದನ್ನು ಬಿಚ್ಚಿ, ಟವೆಲಿನಲ್ಲಿ ಸುತ್ತಿ ಮನೆಗೆ ಒಯ್ಯುತ್ತಿದ್ದರು. ಬೆಳಿಗ್ಗೆ ತಂದು ಮತ್ತೆ ಜೋಡಿಸುತ್ತಿದ್ದರು.

ಎದುರಿನ ಹೋಟೆಲಿನಲ್ಲಿ ಮಾತು ಹುಟ್ಟಿತು. ಒಂಟಿ ಗಂಡಸು, ಊರ ಹೆಣ್ಣುಮಕ್ಕಳ ಫೋಟೋ ಮನೆಗೊಯ್ದು ಏನು ಮಾಡುತ್ತಾನೆ? ಯಾರದೋ ತಲೆಯನ್ನು ಯಾರದೋ ಮೈಗೆ ಅಂಟಿಸುತ್ತಾರೆ ಎಂಬ ಸುದ್ದಿ ಆಗ ಎಲ್ಲೆಲ್ಲೂ ಇತ್ತು. ಶ್ರೀರಾಂಪುರದ ಗಂಡಿನ ಕಡೆಯವರಿಗೆ ಕಳಿಸಲು ನನ್ನ ಫೋಟೋವನ್ನೂ ಅಲ್ಲೇ ತೆಗೆಸಿದ್ದೆವು. ಅವ್ವನಿಗೆ ದಿಗಿಲು.

“ಲೇ, ನಿನ್ ಫೋಟೋನೂ ಆ ಡಬ್ಬಿಯಾಗೆ ಐತೇನೇ?”

ಅವತ್ತಿನಿಂದ ಅವರು ಟವೆಲ್ ಹಿಡಿದು ಹೊರಟರೆ, ತಿರುವಿನಲ್ಲಿ ಮರೆಯಾಗುವವರೆಗೂ ನಾನು ನೋಡುತ್ತಿದ್ದೆ.

ಒಂದು ಮಧ್ಯಾಹ್ನ ಬೈಕಿನಲ್ಲಿ ಬಂದ ಯುವಕನೊಬ್ಬ ಸ್ಟುಡಿಯೋ ಹೊಕ್ಕ. ಗೋಡೆಯಾಚೆ ನನ್ನ ಹೆಸರು ಕೇಳಿಸಿ ನನ್ನ ಬೆರಳು ನಿಂತವು. ತಾನು ಶ್ರೀರಾಂಪುರದ ಗಂಡಿನ ಕಡೆಯವನು, ಹುಡುಗಿಯ ಫೋಟೋಗಳನ್ನೆಲ್ಲ ಸಿ.ಡಿ.ಗೆ ಹಾಕಿಕೊಡಿ ಎನ್ನುತ್ತಿದ್ದ.

“ಹುಡುಗಿ ಅಪ್ಪನ್ನ ಕರ್ಕಂಡ್ ಬರ್ರಿ, ಕೊಡ್ತೀನಿ.”

“ನಾನೇ ಹೇಳ್ತಿದೀನಲ್ರಿ, ನಂಬಿಕೆ ಇಲ್ವಾ?”

“ಇಲ್ಲಪ್ಪ,” ಎಂದರು ಸ್ಟುಡಿಯೋದವರು.

ಅದಾದ ಸ್ವಲ್ಪ ದಿನಕ್ಕೆ, ಬೆಳಿಗ್ಗೆ ಬಂದು ನೋಡಿದರೆ ಸ್ಟುಡಿಯೋದ ಬೀಗ ಮುರಿದಿತ್ತು. ಕ್ಯಾಮೆರಾ, ಮಾನಿಟರ್ ಇದ್ದಲ್ಲೇ ಇದ್ದವು. ಕಂಪ್ಯೂಟರಿನ ಕವಚ ಮಾತ್ರ ನೆಲದ ಮೇಲಿತ್ತು. ಒಳಗಿದ್ದ ವಿಂಡೋಸ್ ಡಿಸ್ಕ್ ಮಾಯವಾಗಿ ಕೇಬಲ್ ನೇತಾಡುತ್ತಿತ್ತು.

“ತಾನೇ ಮುರ್ಕಂಡು ನಾಟಕ ಆಡ್ತಾನೆ,” ಎಂದ ಹೋಟೆಲಿನವನು, ಅವರಿಗೆ ಕೇಳಿಸುವ ಹಾಗೆಯೇ.

ಸ್ಟುಡಿಯೋದವರು ಅವನತ್ತ ತಿರುಗಲೂ ಇಲ್ಲ. ನನ್ನ ಅಪ್ಪನನ್ನು ಕರೆಸಿ, ನಮ್ಮ ಅಂಗಡಿಯ ಕಂಪ್ಯೂಟರ್ ಬಿಚ್ಚಿ, ಟವೆಲಿನಿಂದ ತಮ್ಮ ಡಿಸ್ಕ್ ತೆಗೆದು ಅದಕ್ಕೆ ಜೋಡಿಸಿದರು. ನನ್ನ ಫೋಟೋಗಳು ಪರದೆಗೆ ಬಂದವು.

“ನಾನು ಅಳಿಸಿದ್ರೆ ನೀವು ನಂಬಲ್ಲ. ನೀನೇ ಅಳಿಸಮ್ಮ.”

ಒಂದೊಂದಾಗಿ ಅಳಿಸಿದೆ.

“ಇದನ್ನ ಮನೀಗೆ ಯಾಕ್ರಿ ಒಯ್ತಿದ್ರಿ?” ಅಪ್ಪ ಕೇಳಿದರು.

“ಹಿಂದೆ ನನ್ನ ಹತ್ರ ಕೆಲಸಕ್ಕಿದ್ದೋನು ಒಂದು ಹುಡುಗಿ ಫೋಟೋ ಕದ್ದು ಯಾರಿಗೋ ಕೊಟ್ಟಿದ್ದ. ಆ ಹುಡುಗಿ...” ಅಷ್ಟಕ್ಕೇ ನಿಲ್ಲಿಸಿ ಸ್ಕ್ರೂ ಬಿಚ್ಚತೊಡಗಿದರು.

ಅಪ್ಪ ಶ್ರೀರಾಂಪುರದಲ್ಲಿ ವಿಚಾರಿಸಿದರೆ, ‘ನಾವು ಯಾರನ್ನೂ ಕಳಿಸಿಲ್ಲ’ ಎಂದರು. ಆ ಮಾತನ್ನು ಅಪ್ಪ ನಂಬಲಿಲ್ಲ, ಸಂಬಂಧ ಬಿಟ್ಟರು. ಬೈಕಿನವನು ಯಾರು, ಬೀಗ ಮುರಿದವನು ಅವನೇನಾ... ಇವತ್ತಿಗೂ ಗೊತ್ತಾಗಿಲ್ಲ.

ಸ್ಟುಡಿಯೋದವರ ಮೇಲಿನ ಅನುಮಾನ ಮಾತ್ರ ಊರವರ ಮನಸ್ಸಿನಿಂದ ಹೋಗಲಿಲ್ಲ. ಮದುವೆಗಳಿಗೆ ಅವರನ್ನು ಕರೆಯುವುದು ನಿಂತಿತು. ಅಪ್ಪ ಕಂಡಕಂಡವರಿಗೆ ನಡೆದದ್ದನ್ನು ಹೇಳಿದರು. ಕೇಳಿದವರು ತಲೆಯಾಡಿಸಿ ಬೇರೆ ಸ್ಟುಡಿಯೋಗೆ ಹೋದರು. ಕೊನೆಗೊಂದು ದಿನ ಸ್ಟುಡಿಯೋದವರು ಬೋರ್ಡು ಇಳಿಸಿ, ಭರಮಸಾಗರದ ತಂಗಿ ಮನೆಗೆ ಹೊರಟುಹೋದರು.

ನಿನ್ನೆ ಹೊಸದುರ್ಗಕ್ಕೆ ಹೋಗಿದ್ದೆ. ಆ ಮಳಿಗೆಯಲ್ಲೀಗ ಮೊಬೈಲ್ ಅಂಗಡಿ. ಅಲ್ಲಿದ್ದವನನ್ನು ವಿಚಾರಿಸಿದೆ.

“ಯಾರು, ಹುಡುಗೇರ ಫೋಟೋ ಕದ್ದು ಒಯ್ತಿದ್ನಂತಲ್ಲ, ಅವ್ನಾ? ತೀರ್ಕಂಡು ಬಾಳ ವರ್ಷ ಆತು ಬಿಡ್ರಿ.”

ನನಗೆ ಗೊತ್ತಿರಲಿಲ್ಲ.

“ಕದ್ದೋರಲ್ಲಪ್ಪ, ಕಾಯ್ದೋರು,” ಎಂದೆ.

ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿದ. “ನೀವು ಅವ್ರಿಗೆ ಏನಾಗ್ಬೇಕು?”