ಯಾವ ಬ್ಲಾಕ್‌ನ ಸಿಮೆಂಟು

ಹಾಲಿನವನ ಎದುರಿಗೇ ಹಾಲಿಗೆ ಬೆರಳದ್ದಿ ನೋಡುವವಳು ನಾನು. ಅನುಮಾನ ನನ್ನ ಹುಟ್ಟುಗುಣ. ಜಯನಗರದಲ್ಲಿ ಮನೆ ಕಟ್ಟಿಸುವಾಗ ಅದು ಇನ್ನಷ್ಟು ಬಲಿಯಿತು.

ಅರವತ್ತರ ದಶಕ. ಸಿಮೆಂಟಿಗೆ ಪರ್ಮಿಟ್ ಬೇಕಿತ್ತು. ಪರ್ಮಿಟ್ ಕೊಡುವ ಕಚೇರಿಯಲ್ಲೇ ನಮ್ಮವರು ಗುಮಾಸ್ತರಾಗಿದ್ದರೂ ನಮ್ಮ ಅರ್ಜಿ ಮಾತ್ರ ಕದಲಲಿಲ್ಲ. ಗೋಡೆಗಳು ತಾರಸಿಯಿಲ್ಲದೆ ಮಳೆಯಲ್ಲಿ ನೆನೆಯುತ್ತಾ ನಿಂತವು. ನಡುಮನೆಯಲ್ಲಿ ಹುಲ್ಲು ಬೆಳೆಯಿತು. ಆಮೇಲೊಂದು ದಿನ ಹುಲ್ಲು ಹೊದಿಸಿದ ಎತ್ತಿನ ಗಾಡಿಯಲ್ಲಿ ಮೂಟೆಗಳು ಬಂದವು.

“ಎಲ್ಲಿಂದ ತಂದ್ರಿ?” ಎಂದೆ.

“ಬ್ಲಾಕ್‌ನಲ್ಲಿ ಸಿಕ್ತು,” ಎಂದರು, ನನ್ನ ಮುಖ ನೋಡದೆ.

ಹನುಮಂತನಗರದಿಂದ ಬಂದಿದ್ದ ಅತ್ತೆಗೆ ಬ್ಲಾಕ್ ಎಂದರೆ ನಮ್ಮ ಮನೆಯಿರುವ ಜಯನಗರ ನಾಲ್ಕನೇ ಬ್ಲಾಕ್. ಕಾಳಸಂತೆಗೂ ಜನ ಅದೇ ಹೆಸರಿಟ್ಟಿದ್ದಾರೆಂದು ಅವರಿಗೇನು ಗೊತ್ತು? ನನಗೆ ಗೊತ್ತಿತ್ತು. ನಮ್ಮ ಬ್ಲಾಕ್‌ನಲ್ಲಿ ಆಗ ಬೆಂಕಿಪೊಟ್ಟಣ ಬೇಕೆಂದರೂ ಯಡಿಯೂರಿನ ಕಡೆ ನಡೆಯಬೇಕಿತ್ತು. ಸಿಮೆಂಟ್ ಮಾರುವವನು ಎಲ್ಲಿಂದ ಉದ್ಭವಿಸಿದ?

ಗೃಹಪ್ರವೇಶಕ್ಕೆ ನಮ್ಮವರ ಸಾಹೇಬರು ಬಂದರು. ಪರ್ಮಿಟ್‌ಗೆ ಸಹಿ ಹಾಕುವವರು ಅವರೇ. ಎಲೆಯ ಮುಂದೆ ಕೂತು, ತಲೆಯೆತ್ತಿ ತಾರಸಿ ನೋಡಿ, “ಸಿಮೆಂಟ್ ಹೇಗೆ ಹೊಂದಿಸಿದ್ರಿ?” ಎಂದರು. ಅತ್ತೆ ಬಾಯಿ ಹಾಕಿದರು: “ದೂರ ಏನೂ ಅಲೀಲಿಲ್ಲ ಸಾರ್. ಎಲ್ಲಾ ಬ್ಲಾಕ್‌ನಲ್ಲೇ ಸಿಕ್ತು!”

ತುಪ್ಪ ಬಡಿಸುತ್ತಿದ್ದ ನಮ್ಮವರ ಕೈ ಅಲ್ಲೇ ನಿಂತಿತು. ಇವರ ಕೆಲಸ ಹೋಯಿತು ಎಂದುಕೊಂಡೆ.

ಸಾಹೇಬರು ನಿಧಾನವಾಗಿ ಹೋಳಿಗೆ ಮುರಿದರು. “ನಾನು ಲಂಡನ್‌ನಲ್ಲಿ ಓದೋವಾಗ ಅಲ್ಲೂ ರೇಷನ್ನೇ ಅಮ್ಮ. ಅಂಗಡಿ ಹಿಂಬಾಗಿಲಲ್ಲಿ ಸಕ್ಕರೆ ಸಿಗ್ತಿತ್ತು. ಮುಂಬಾಗಿಲು ಮುಚ್ಚಿದ್ರೆ ಎಲ್ಲಾ ದೇಶದಲ್ಲೂ ಅಷ್ಟೇ.” ಇದು ಗದರಿಕೆಯೋ ಸಮಾಧಾನವೋ ತಿಳಿಯದೆ ಅತ್ತೆ ಇನ್ನೊಂದು ಹೋಳಿಗೆ ಹಾಕಿಸಿದರು.

ಹೊರಡುವಾಗ ಸಾಹೇಬರು ನಮ್ಮವರನ್ನು ಗೇಟಿನ ಬಳಿ ಕರೆದರು. ನಾನು ಕಿಟಕಿಯ ಹಿಂದೆ ಕಿವಿಗೊಟ್ಟು ನಿಂತೆ.

“ನಮ್ಮ ಮನೇದೂ ತಾರಸಿ ಕೆಲಸ ನಿಂತ್ಹೋಗಿದೆ ಕಣ್ರೀ. ನಿಮ್ಮಮ್ಮ ಹೇಳಿದ ಬ್ಲಾಕನ್ನ ನನಗೂ ಸ್ವಲ್ಪ ತೋರಿಸಿ.”

ಬೇಲಿಯೇ ಎದ್ದು ಹೊಲ ಮೇಯುವುದೆಂದರೆ ಇದೇ. ಆದರೂ ಕೆಲಸ ಉಳಿಯಿತಲ್ಲ ಎಂದು ದೇವರಿಗೆ ಕೈಮುಗಿದೆ. ಅಷ್ಟರಲ್ಲಿ ನಮ್ಮವರು ಒಳಗೆ ಬಂದರು.

“ಏನಂದ್ರು?” ಎಂದೆ.

“ಮನೆ ಚೆನ್ನಾಗಿದೆ ಅಂದ್ರು ಕಣೇ.”

ಈ ಸಲ ನನ್ನ ಮುಖ ನೋಡಿಕೊಂಡೇ ಹೇಳಿದರು. ನನಗೆ ಹೆದರಿಕೆಯಾದದ್ದು ಆಗ.